ಕಂಠಪಾಠದಿಂದ ಪದಕಟ್ಟಿನ ಕಡೆಗೆ: ನಮ್ಮ ಮಕ್ಕಳಿಗೆ ಸಲ್ಲಬೇಕಾದ ಬಳುವಳಿ



ಬಸವ ಜಯಂತಿಯ ನಿಮಿತ್ತ ಶಾಲಾ ಮಕ್ಕಳಿಗೆ ವಚನ ಕಂಠಪಾಠ ಸ್ಪರ್ಧೆಯನ್ನು ಏರ್ಪಡಿಸುವುದು ನಮ್ಮ ಭಾಗದ ಬಹುತೇಕ ಮಠಗಳಲ್ಲಿ ನಡೆದುಬಂದ ಪದ್ಧತಿ. ನಮ್ಮ ಶ್ರೀಮಠದಲ್ಲಿಯೂ ಅದು ತಪ್ಪದೆ ನಡೆಯುತ್ತದೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ಸ್ಪರ್ಧೆಯಲ್ಲಿ ನಾನು ತೀರ್ಪುಗಾರನಾಗಿ ಕುಳಿತಿದ್ದೆ. ಪ್ರಾಥಮಿಕ ಶಾಲೆಯ ಬಾಲಕಿಯೊಬ್ಬಳು ಒಂದಕ್ಷರವೂ ತಪ್ಪದಂತೆ, ಉಸಿರು ತೆಗೆದುಕೊಳ್ಳುವುದನ್ನೂ ಮರೆತವಳಂತೆ, ಮೂವತ್ತು ವಚನಗಳನ್ನು ಒಪ್ಪಿಸಿದಳು. ಸಭೆ ಚಪ್ಪಾಳೆ ತಟ್ಟಿತು. ಬಹುಮಾನ ಅವಳಿಗೇ ಎಂಬುದರಲ್ಲಿ ಸಂಶಯವಿರಲಿಲ್ಲ. ಸುಮ್ಮನೆ ಮಾತಾಡಿಸಬೇಕೆನ್ನಿಸಿ ಕೇಳಿದೆ: "ಅವ್ವಾ, ಇವತ್ತು ಮುಂಜಾನೆ ನಿಮ್ಮ ಮನ್ಯಾಗ ಏನೇನಾತು, ಅದನ್ನ ನಾಕು ಮಾತಿನ್ಯಾಗ ಹಾಡಿ ಹೇಳಾಕ ಬರತೈತೇನು?" ಮಗು ಕ್ಷಣಕಾಲ ನನ್ನ ಮುಖವನ್ನು ನೋಡಿ ಹೇಳಿತು: "ಅದು ಪುಸ್ತಕದಾಗ ಇಲ್ರಿ ಸರ್."

ಆ ಉತ್ತರದಲ್ಲಿ ಮಗುವಿನ ತಪ್ಪೇನೂ ಇರಲಿಲ್ಲ. ತಪ್ಪು ನಮ್ಮದು. ಯಾವ ಶರಣರು ತಮ್ಮ ಮನೆಯ, ತಮ್ಮ ಕಾಯಕದ, ತಮ್ಮ ಅಂತರಂಗದ ಮಾತನ್ನು ತಮ್ಮದೇ ನುಡಿಯಲ್ಲಿ ಆಡಿದರೋ ಅವರ ಮಾತುಗಳನ್ನು ಬಾಯಿಪಾಠ ಮಾಡಿಸುತ್ತಲೇ, 'ನಿನ್ನ ಮಾತು ಪುಸ್ತಕದಲ್ಲಿರುವಂಥದಲ್ಲ' ಎಂಬ ಪಾಠವನ್ನೂ ನಾವು ಅರಿವಿಲ್ಲದೆ ಕಲಿಸಿದ್ದೆವು. ಮಕ್ಕಳಿಗೆ ಹಾಡುವುದನ್ನು ಮಾತ್ರವಲ್ಲ, ಹಾಡು ಕಟ್ಟುವುದನ್ನೂ ಕಲಿಸಬೇಕೆಂಬ ವಿಚಾರವನ್ನು ಇಂದು ಸದ್ಭಕ್ತರ ಮುಂದಿಡಲು ಆ ಮಗುವಿನ ಮಾತೇ ಪ್ರೇರಣೆ.

ಪ್ರಸ್ತುತ ಸಂದರ್ಭ

ಈ ವಿಚಾರಕ್ಕೆ ಈಗ ಕಾಲವೂ ಕೂಡಿಬಂದಿದೆ. ಪ್ರೊ. ಸುಖದೇವ್ ಥೋರಾಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗವು 2025ರ ಆಗಸ್ಟ್‌ನಲ್ಲಿ ತನ್ನ ವರದಿಯನ್ನು ಸರ್ಕಾರಕ್ಕೆ ಸಲ್ಲಿಸಿತು. ಕನಿಷ್ಠ ಐದನೆಯ ತರಗತಿಯವರೆಗಾದರೂ ಬೋಧನೆ ಕನ್ನಡದಲ್ಲಿ ಅಥವಾ ಮಾತೃಭಾಷೆಯಲ್ಲಿ ನಡೆಯಬೇಕೆಂಬುದು ಅದರ ಮುಖ್ಯ ಶಿಫಾರಸುಗಳಲ್ಲಿ ಒಂದು. ಶಿಕ್ಷಣದಲ್ಲಿ ಕನ್ನಡದ ಸ್ಥಾನ ಯಾವುದೆಂಬ ಚರ್ಚೆ ನಮಗೆ ಹೊಸದಲ್ಲ. ಸವಣೂರಿನಲ್ಲಿ 1909ರಲ್ಲಿ ಜನಿಸಿದ ಡಾ. ವಿನಾಯಕ ಕೃಷ್ಣ ಗೋಕಾಕರ ಅಧ್ಯಕ್ಷತೆಯ ಸಮಿತಿ 1981ರಲ್ಲಿ ವರದಿ ನೀಡಿದ ಬಳಿಕ ನಾಡೇ ಎದ್ದು ನಿಂತದ್ದನ್ನು ನನ್ನ ವಯಸ್ಸಿನವರು ಬಾಲ್ಯದಲ್ಲಿ ಕಂಡಿದ್ದೇವೆ. ಆದರೆ ಅಂದಿನಿಂದ ಇಂದಿನವರೆಗೆ ನಾವು ಕೇಳುತ್ತ ಬಂದಿರುವ ಪ್ರಶ್ನೆ ಒಂದೇ: ಮಗುವಿಗೆ ಯಾವ ಭಾಷೆಯಲ್ಲಿ ಕಲಿಸಬೇಕು? ಆ ಭಾಷೆಯಲ್ಲಿ ಮಗು ತಾನಾಗಿ ಏನನ್ನು ಹೇಳಬಲ್ಲದು ಎಂಬ ಎರಡನೆಯ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಲಿಲ್ಲ. ಕನ್ನಡವು ಕೇವಲ ಉತ್ತರ ಬರೆಯುವ ಮಾಧ್ಯಮವಾಗಿ ಉಳಿದರೆ, ಹೆಚ್ಚು ಅಂಕ ತರುವ ಬೇರೊಂದು ಮಾಧ್ಯಮ ದೊರೆತ ದಿನ ಮಗು ಅದನ್ನು ಸುಲಭವಾಗಿ ಕೈಬಿಡುತ್ತದೆ. ತನ್ನ ಸುಖದುಃಖವನ್ನು ಹಾಡಿಕೊಂಡ ಭಾಷೆಯನ್ನು ಯಾರೂ ಸುಲಭವಾಗಿ ಬಿಡುವುದಿಲ್ಲ.

ಶಾಲೆಗಳಲ್ಲಿ ಹಾಡು ಇಲ್ಲವೆಂದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ನಲಿ–ಕಲಿ ಪದ್ಧತಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿತು. ಅದರಲ್ಲಿ ಹಾಡಿಗೆ ದೊಡ್ಡ ಸ್ಥಾನವಿದೆ. ಪ್ರತಿಭಾ ಕಾರಂಜಿಯಲ್ಲಿ ಭಕ್ತಿಗೀತೆ, ಜಾನಪದ ಗೀತೆ, ಭಾವಗೀತೆ ಎಂದು ಕ್ಲಸ್ಟರ್ ಮಟ್ಟದಿಂದ ರಾಜ್ಯ ಮಟ್ಟದವರೆಗೆ ಮಕ್ಕಳು ಹಾಡುತ್ತಾರೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಕಲಾ ಶಿಕ್ಷಣದ ತಜ್ಞರ ಗುಂಪು ಹತ್ತನೆಯ ತರಗತಿಯವರೆಗೆ ಕಲೆಯನ್ನು ಕಡ್ಡಾಯ ವಿಷಯವಾಗಿಸಬೇಕೆಂದು ಹೇಳಿತು. 2023ರ ಚೌಕಟ್ಟು ಕಲಾ ಶಿಕ್ಷಣವನ್ನು ಪಠ್ಯದ ಒಂದು ಕ್ಷೇತ್ರವೆಂದೇ ಗಣಿಸಿತು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯು ಸಾಂಸ್ಕೃತಿಕ ಜೀವನದಲ್ಲಿ ಹಾಗೂ ಕಲೆಯಲ್ಲಿ ಪಾಲುಗೊಳ್ಳುವುದು ಮಗುವಿನ ಹಕ್ಕೆಂದು ಸಾರುತ್ತದೆ. ಭಾರತವು 1992ರಲ್ಲಿ ಅದಕ್ಕೆ ಒಪ್ಪಿಗೆಯಿತ್ತಿದೆ. ಇಷ್ಟೆಲ್ಲ ಇದ್ದರೂ ತರಗತಿಯೊಳಗೆ ನಡೆಯುವುದು ಬಹುಪಾಲು ಹಿರಿಯರು ಬರೆದುದನ್ನು ಕಿರಿಯರು ಒಪ್ಪಿಸುವ ಕೆಲಸವೇ. ಶಂ.ಗು. ಬಿರಾದಾರ, ಕಂಚ್ಯಾಣಿ ಶರಣಪ್ಪನವರಂಥ ಶಿಕ್ಷಕ ಕವಿಗಳು ಮಕ್ಕಳಿಗಾಗಿ ಸೊಗಸಾದ ಪದ್ಯಗಳನ್ನು ಬರೆದರು. ಅದು ನಮ್ಮ ಭಾಗ್ಯ. ಆದರೆ ಮಕ್ಕಳಿಗಾಗಿ ಬರೆದ ಹಾಡು ಬೇರೆ, ಮಕ್ಕಳೇ ಕಟ್ಟಿದ ಹಾಡು ಬೇರೆ.

ಜಗಜ್ಯೋತಿ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಘೋಷಿಸಿತು. ಅದು ಸಂತಸದ ಸಂಗತಿ. ಆದರೆ ಆ ಘೋಷಣೆ ಭಾವಚಿತ್ರದ ಪೂಜೆಗೆ, ಭಾಷಣಕ್ಕೆ ಮುಗಿದುಹೋದರೆ ಪ್ರಯೋಜನವೇನು? ಹನ್ನೆರಡನೆಯ ಶತಮಾನದ ಅನುಭವ ಮಂಟಪದಲ್ಲಿ ದೋಣಿ ನಡೆಸುವ ಚೌಡಯ್ಯನವರೂ ಅಕ್ಕಿ ಆಯುವ ಲಕ್ಕಮ್ಮನವರೂ ಬಟ್ಟೆ ಮಡಿ ಮಾಡುವ ಮಾಚಯ್ಯನವರೂ ಮಾತಾಡಿದರು. ಅವರು ಪಂಡಿತರ ಮಾತನ್ನು ಒಪ್ಪಿಸಲಿಲ್ಲ. ಹುಟ್ಟು, ಮೊರ, ಮಡಿಬಟ್ಟೆ ಇವುಗಳ ನಡುವಿನಿಂದಲೇ ಮಾತನ್ನು ಎತ್ತಿಕೊಂಡರು. ಆ ಪರಂಪರೆಗೆ ನಾವು ಸಲ್ಲಿಸಬಹುದಾದ ದೊಡ್ಡ ಗೌರವವೆಂದರೆ, ಇಂದಿನ ಮಗುವಿಗೂ ತನ್ನ ಸುತ್ತಲಿನಿಂದ ಮಾತೆತ್ತಿಕೊಳ್ಳುವ ಧೈರ್ಯ ಕೊಡುವುದು.

ನಾಲ್ಕು ತಾಲ್ಲೂಕುಗಳ ನೆಲದ ಗುಣ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಭಕ್ತರಿಗೆ ಈ ಮಾತನ್ನು ಹೆಚ್ಚು ವಿವರಿಸಿ ಹೇಳಬೇಕಾಗಿಲ್ಲ. ಪದ ಕಟ್ಟುವುದು ಈ ನೆಲದ ಗುಣವೇ ಆಗಿದೆ.

ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಜನಿಸಿದ ಸಂತ ಶರೀಫರು ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಕಳಸದ ಗುರು ಗೋವಿಂದಭಟ್ಟರ ಕೃಪೆಗೆ ಪಾತ್ರರಾದ ಅವರು, 1889ರಲ್ಲಿ ಲಿಂಗೈಕ್ಯರಾಗುವವರೆಗೆ, ಕಂಡದ್ದನ್ನೆಲ್ಲ ಪದವಾಗಿಸಿದರು. ಹುಬ್ಬಳ್ಳಿಯಲ್ಲಿ ಕಂಡ ಗಿರಣಿಯ ಮೇಲೂ ಅವರು ಪದ ಕಟ್ಟಿದರು. ಮೊಹರಂ ಹಬ್ಬಕ್ಕೂ ಪದ ಕಟ್ಟಿದರು. ಅವರ ಕಾಲಕ್ಕೆ ಗಿರಣಿ ಎಂಬುದು ಇಂದಿನ ಮೊಬೈಲಿನಷ್ಟೇ ಹೊಸ ವಸ್ತು. ಹೊಸದನ್ನು ಕಂಡು ಅಂಜದೆ, ಅದನ್ನು ತಮ್ಮ ನುಡಿಯೊಳಕ್ಕೆ ಎಳೆದುಕೊಂಡು, ಅದರೊಳಗೆ ತತ್ತ್ವವನ್ನು ಕಂಡರು. ಅದೇ ತಾಲ್ಲೂಕಿನ ಬಾಡ ಗ್ರಾಮದವರು ಕನಕದಾಸರು. ದಾಸರ ಕೀರ್ತನೆಯೂ ಶರೀಫರ ತತ್ತ್ವಪದವೂ ಒಂದೇ ತಾಲ್ಲೂಕಿನ ಮಣ್ಣಿಗೆ ಸಂಬಂಧಿಸಿದವೆಂಬುದು ಸಣ್ಣ ಮಾತಲ್ಲ. 2011ರಲ್ಲಿ ಸ್ಥಾಪನೆಗೊಂಡ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವೂ ಇದೇ ತಾಲ್ಲೂಕಿನ ಗೊಟಗೋಡಿಯಲ್ಲಿದೆ.

ಹಿರೇಕೆರೂರು ತಾಲ್ಲೂಕಿನ ಅಬಲೂರು ಏಕಾಂತದ ರಾಮಯ್ಯನವರ ಭಕ್ತಿಯ ನೆಲೆ. ಸರ್ವಜ್ಞ ಕವಿಯ ಹೆಸರಿನೊಂದಿಗೂ ಜನಮನದಲ್ಲಿ ಬೆರೆತ ಊರು. ಸರ್ವಜ್ಞ ಆರಿಸಿಕೊಂಡದ್ದು ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ತ್ರಿಪದಿಯನ್ನು. ಆ ತ್ರಿಪದಿಗಳು ಶತಮಾನಗಳ ಕಾಲ ಜನರ ನಾಲಗೆಯಲ್ಲಿ ಉಳಿದವು. ರೆವರೆಂಡ್ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು, ಸಂಗ್ರಹಿಸಿ, 1924ರಲ್ಲಿ ಅವನ್ನು ಗ್ರಂಥವಾಗಿ ಪ್ರಕಟಿಸಿದರು. ಜನ ತಮ್ಮದೇ ಛಂದಸ್ಸಿನಲ್ಲಿ ಕೇಳಿದ ಮಾತನ್ನು ಮರೆಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಾನಗಲ್ಲ ವಿರಕ್ತಮಠದ ಪೂಜ್ಯ ಕುಮಾರ ಶಿವಯೋಗಿಗಳು 1904ರಲ್ಲಿ ಮಹಾಸಭೆಯನ್ನೂ 1909ರಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದವರೆಂದು ನಾವೆಲ್ಲ ಸ್ಮರಿಸುತ್ತೇವೆ. ಅದೇ ಮಹಾತ್ಮರು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನೊಬ್ಬನ ಕಂಠವನ್ನು ಕೇಳಿ, ಆತನಿಗೆ ಆಶ್ರಯವಿತ್ತು, ಸಂಗೀತ ಶಿಕ್ಷಣಕ್ಕೆ ದಾರಿ ಮಾಡಿದರು. ಆ ಬಾಲಕನೇ ಗಾನಯೋಗಿ ಪಂಚಾಕ್ಷರಿ ಗವಾಯಿಗಳು. ಅವರ ಶಿಷ್ಯರಾದ, ಅದೇ ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಜನಿಸಿದ ಪುಟ್ಟರಾಜ ಗವಾಯಿಗಳೂ ಅಂಧರು. ಅವರು ಹಾಡಿದ್ದು ಮಾತ್ರವಲ್ಲ, ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಕೃತಿ ರಚಿಸಿದರು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಬಡವರ ಮನೆಯ ಕಣ್ಣಿಲ್ಲದ ಮಗುವಿನಲ್ಲಿ ಏನಿದೆಯೆಂದು ನಿಂತು ಕೇಳಿಸಿಕೊಂಡವರು ಒಬ್ಬರು ಮಠಾಧೀಶರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಅಷ್ಟು ದೊಡ್ಡ ಚರಿತ್ರೆಯ ಮೂಲದಲ್ಲಿರುವುದು ಒಂದು ಮಗುವಿನ ದನಿಗೆ ಕಿವಿಗೊಟ್ಟ ಕ್ರಿಯೆ.

ಇಂಥ ನೆಲದಲ್ಲಿ ಇಂದು ಪದ ಕಟ್ಟುವವರು ಕಡಿಮೆಯಾಗುತ್ತಿದ್ದಾರೆ. ಬೀಸುಕಲ್ಲು ಹೋಯಿತು, ಅದರೊಂದಿಗೆ ಬೀಸುವ ಪದವೂ ಹೋಯಿತು. ಭಜನಾ ಮೇಳಗಳಲ್ಲಿ ನರೆತ ತಲೆಗಳೇ ಹೆಚ್ಚು. ಗೀಗೀ ಪದದ ಮೇಳ ಕಟ್ಟಿ, ಊರಿನ ಸಂಗತಿಯನ್ನೇ ಅಂದೇ ಪದವಾಗಿಸಿ ಹಾಡುತ್ತಿದ್ದವರ ಮಕ್ಕಳು ಈಗ ಮಂಗಳೂರು, ಗೋವೆ, ಬೆಂಗಳೂರುಗಳಲ್ಲಿ ದುಡಿಯುತ್ತಿದ್ದಾರೆ. ಹಾಡು ನಿಂತಿಲ್ಲ. ಮೊಬೈಲಿನಲ್ಲಿ ದಿನವಿಡೀ ಕೇಳುತ್ತಲೇ ಇರುತ್ತದೆ. ನಿಂತದ್ದು ಹಾಡು ಹುಟ್ಟುವ ಕ್ರಿಯೆ.

ಪ್ರಸಾದನಿಲಯದ ಒಂದು ಭಾನುವಾರ

ಮೇಲೆ ಹೇಳಿದ ಬಾಲಕಿಯ ಮಾತು ಮನಸ್ಸನ್ನು ಕೊರೆಯುತ್ತಿದ್ದುದರಿಂದ, ಒಂದು ಭಾನುವಾರ ಮಧ್ಯಾಹ್ನ ಪ್ರಸಾದನಿಲಯದ ಮಕ್ಕಳನ್ನು ಕೂರಿಸಿಕೊಂಡು ಪ್ರಯತ್ನ ಮಾಡಿದೆ. ನಾನು ಸಂಗೀತಗಾರನಲ್ಲ. ಎಂ.ಎ. ತರಗತಿಯಲ್ಲಿ ಓದಿದ ಛಂದಸ್ಸು, ಮನೆಯಲ್ಲಿ ಅಜ್ಜಿಯಿಂದ ಕೇಳಿದ ಪದಗಳು, ಇವಿಷ್ಟೇ ನನ್ನ ಬಂಡವಾಳ.

ಮೊದಲು ಮಕ್ಕಳಿಗೆ ತಮ್ಮ ತಮ್ಮ ಹೆಸರನ್ನು ಚಪ್ಪಾಳೆಯೊಡನೆ ಹೇಳಲು ಹೇಳಿದೆ. 'ಬಸವರಾಜ' ಎಂದರೆ ಎಷ್ಟು ಪೆಟ್ಟು, 'ಗಂಗವ್ವ' ಎಂದರೆ ಎಷ್ಟು ಪೆಟ್ಟು ಎಂದು ಅವರೇ ಎಣಿಸಿದರು. ಲಘು, ಗುರು ಎಂಬ ಹೆಸರುಗಳನ್ನು ಹೇಳದೆಯೇ ಅವರ ಕೈ ಅದನ್ನು ಕಂಡುಕೊಂಡಿತು. ಜರ್ಮನಿಯ ಸಂಗೀತಗಾರ ಕಾರ್ಲ್ ಓರ್ಫ್ ರೂಪಿಸಿದ ಶಿಕ್ಷಣ ಕ್ರಮದಲ್ಲಿಯೂ ಮಕ್ಕಳ ಹೆಸರು, ಗಾದೆ, ಆಟದ ಮಾತುಗಳಿಂದಲೇ ಲಯ ಹುಟ್ಟಿಸುವ ಅಭ್ಯಾಸವಿದೆ. ಹಂಗೇರಿಯ ಕೊಡಾಯ್ ಕೂಡ ಸಂಗೀತ ಶಿಕ್ಷಣವು ಮಗುವಿನ ತಾಯ್ನುಡಿಯ ಜನಪದ ಹಾಡಿನಿಂದ ಮೊದಲಾಗಬೇಕೆಂದರು. ನಮ್ಮ ಹೆಣ್ಣುಮಕ್ಕಳು ತೊಟ್ಟಿಲು ತೂಗುತ್ತ, ಬೀಸುತ್ತ ಮಾಡಿದ್ದೂ ಇದನ್ನೇ. ತ್ರಿಪದಿಯಲ್ಲಿ ಹನ್ನೊಂದು ಗಣಗಳು, ಅವುಗಳಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ ಎಂದು ನಾವು ಪುಸ್ತಕದಲ್ಲಿ ಕಲಿತೆವು. ನನ್ನ ಅಜ್ಜಿಗೆ ಗಣವೆಂಬ ಶಬ್ದವೇ ಗೊತ್ತಿರಲಿಲ್ಲ. ಅವಳ ಪದದಲ್ಲಿ ಒಂದು ಗಣವೂ ಕೆಡುತ್ತಿರಲಿಲ್ಲ.

ಆಮೇಲೆ ಕೇಳಿದೆ: "ಈಗ ನಿಮ್ಮೂರಾಗ ಏನು ನಡದೈತಿ?" ಸುಗ್ಗಿಯ ಕಾಲ. ಗೋವಿನಜೋಳ ಒಕ್ಕಿ ರಸ್ತೆಯ ಬದಿಗೆ ಒಣಹಾಕಿದ್ದರು. ಆಕಾಶದಲ್ಲಿ ಮೋಡವಿತ್ತು. ಮಕ್ಕಳು ಒಬ್ಬೊಬ್ಬರೂ ಒಂದೊಂದು ಮಾತು ಹೇಳಿದರು. ನಾನು ಹಲಗೆಯ ಮೇಲೆ ಬರೆಯುತ್ತ ಹೋದೆ. ಅಷ್ಟರಲ್ಲಿ ತಾಂಡಾದಿಂದ ಬಂದ, ಎಂದೂ ಬಾಯಿಬಿಡದ ಹುಡುಗನೊಬ್ಬ ಮೆಲ್ಲಗೆ ಕೇಳಿದ: "ಸರ್, ನಾವು ಮಾತಾಡಿದಂಗ ಬರದ್ರ ನಡಿತೈತೇನ್ರಿ? ತಪ್ಪು ಹಾಕಂಗಿಲ್ಲೇನ್ರಿ?" ತಪ್ಪು ಹಾಕುವುದಿಲ್ಲವೆಂದು ಮಾತು ಕೊಟ್ಟೆ. ಒಂದು ತಾಸಿನ ಗದ್ದಲ, ನಗೆ, ಜಗಳದ ಬಳಿಕ ಈ ನಾಲ್ಕು ಸಾಲು ನಿಂತವು:

ಜ್ವಾಳ ಹರವೇವಿ ರಸ್ತೇದ ಮ್ಯಾಗ
ಮುಗಲ ನೋಡತಾನ ಅಪ್ಪ
ಮಳಿಯೇ ನೀ ತಡಿಯ ಒಂದ ಗಳಿಗಿ
ಚೀಲ ಹೊಲಿತಾಳ ಅವ್ವ

ಇದು ಮಹಾಕಾವ್ಯವಲ್ಲ. ಎರಡನೆಯ ಸಾಲಿಗೂ ನಾಲ್ಕನೆಯ ಸಾಲಿಗೂ ಪ್ರಾಸ ಸರಿಹೊಂದಲಿಲ್ಲವೆಂದು ಮಕ್ಕಳೇ ತಕರಾರು ತೆಗೆದರು. 'ಅಪ್ಪ'ನಿಗೆ 'ಅವ್ವ' ಜೊತೆಯಾದರೆ ಸಾಕೆಂದು ಒಬ್ಬಳು ತೀರ್ಪು ಕೊಟ್ಟಳು. ಭಜನೆಯ ಧಾಟಿಯಲ್ಲಿ ತಾಳ ಬಡಿದು ಅದನ್ನು ಹಾಡಿದಾಗ, ಅಡುಗೆಮನೆಯ ತಾಯಂದಿರು ಕೈಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತರು. ಅವರಲ್ಲೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮೂವತ್ತು ವಚನಗಳ ಕಂಠಪಾಠಕ್ಕೆ ಚಪ್ಪಾಳೆ ಬಂದಿತ್ತು. ಕಣ್ಣೀರು ಬಂದಿರಲಿಲ್ಲ.

ಕೊನೆಗೆ ಅಂಕಿತದ ಪ್ರಶ್ನೆ ಬಂತು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ, ಶರೀಫರಿಗೆ ಶಿಶುನಾಳಧೀಶ. ಅಂಬಿಗರ ಚೌಡಯ್ಯನವರಿಗೂ ಸರ್ವಜ್ಞನಿಗೂ ತಮ್ಮ ಹೆಸರೇ ಅಂಕಿತ. "ನಿಮ್ಮ ಹಾಡು ಯಾರ ಮುಂದ ಹೇಳತೀರಿ?" ಎಂದು ಕೇಳಿದೆ. ಒಬ್ಬ ತನ್ನೂರಿನ ಬಸವಣ್ಣ ದೇವರ ಹೆಸರು ಹೇಳಿದ. ಒಬ್ಬಳು ತೀರಿಹೋದ ಅಜ್ಜಿಯ ಹೆಸರು ಹೇಳಿದಳು. ತಾಂಡಾದ ಹುಡುಗ ಬಹಳ ಹೊತ್ತು ಯೋಚಿಸಿ, ಗೋವೆಗೆ ದುಡಿಯಲು ಹೋದ ತನ್ನ ಅಪ್ಪನ ಹೆಸರು ಹೇಳಿದ. ತಾನು ಯಾರಿಗೆ ಹೇಳುತ್ತಿದ್ದೇನೆಂಬ ಅರಿವಿನಿಂದಲೇ ಮಾತಿಗೆ ನಿಜವಾದ ಬನಿ ಬರುತ್ತದೆಯೆಂಬುದನ್ನು ಅಂಕಿತ ಪದ್ಧತಿಯಷ್ಟು ಸರಳವಾಗಿ ಬೇರೇನೂ ಕಲಿಸಲಾರದು.

ಇದರಿಂದ ಆಗುವ ಹಿತ

ಮೊದಲನೆಯ ಹಿತ ಭಾಷೆಗೆ. ಪ್ರಬಂಧ ಬರೆಯುವ ಮಗು ಮೊದಲು ಹೊಳೆದ ಶಬ್ದವನ್ನೇ ಇಟ್ಟು ಮುಂದೆ ಹೋಗುತ್ತದೆ. ಹಾಡು ಕಟ್ಟುವ ಮಗುವಿಗೆ ಆ ಸ್ವಾತಂತ್ರ್ಯವಿಲ್ಲ. ತಾಳಕ್ಕೆ ಹೊಂದದ ಶಬ್ದವನ್ನು ಬಿಟ್ಟು ಅದೇ ಅರ್ಥದ ಇನ್ನೊಂದನ್ನು, ಅದೂ ಹೊಂದದಿದ್ದರೆ ಮತ್ತೊಂದನ್ನು ಹುಡುಕಬೇಕು. ಆ ಹುಡುಕಾಟದಲ್ಲಿ ಮನೆಯ ಹಿರಿಯರ ಬಾಯಲ್ಲಿ ಮಾತ್ರ ಉಳಿದಿರುವ ಎಷ್ಟೋ ಶಬ್ದಗಳು ಮಗುವಿನ ಕೈಗೆ ಸಿಗುತ್ತವೆ. ಬರೆದದ್ದನ್ನು ತಾನೇ ತಿದ್ದಿಕೊಳ್ಳುವ ಅಭ್ಯಾಸವೂ ಬೆಳೆಯುತ್ತದೆ. ಹಾಡಿ ನೋಡಿದಾಗ ಎಡವಿದ ಸಾಲನ್ನು ಗುರುಗಳು ತೋರಿಸಬೇಕಾಗಿಲ್ಲ, ಮಗುವಿನ ನಾಲಗೆಯೇ ತೋರಿಸುತ್ತದೆ. ಮಾತ್ರೆ ಎಣಿಸುವಲ್ಲಿ ಗಣಿತದ ಅಭ್ಯಾಸವೂ ಸೇರಿಕೊಳ್ಳುತ್ತದೆ.

ಎರಡನೆಯದು ಮನಸ್ಸಿನ ಹಿತ. ಬೆಳೆಹಾನಿ, ಸಾಲ, ರೈತರ ಆತ್ಮಹತ್ಯೆ ಇವು ನಮ್ಮ ಜಿಲ್ಲೆಗೆ ಅಪರಿಚಿತ ಸುದ್ದಿಗಳಲ್ಲ. ಇಂಥ ಮನೆಯ ಮಗು ಶಾಲೆಗೆ ಬಂದು ಬೆನ್ನು ಬಾಗಿಸಿ ಕುಳಿತಿರುತ್ತದೆ. ಕೇಳಿದರೆ ಏನೂ ಇಲ್ಲವೆನ್ನುತ್ತದೆ. ನೇರವಾಗಿ ಹೇಳಲಾರದ್ದನ್ನು ಹಾಡಿನ ಮರೆಯಲ್ಲಿ ಹೇಳುವುದು ನಮ್ಮ ತಾಯಂದಿರಿಗೆ ತಿಳಿದಿದ್ದ ವಿದ್ಯೆ. ತವರಿನ ನೆನಪನ್ನು, ಅತ್ತೆಮನೆಯ ಸಂಕಟವನ್ನು ಅವರು ಬೀಸುಕಲ್ಲಿನ ಮುಂದೆ ಇಳಿಸುತ್ತಿದ್ದರು. ಹಾಡು ಸಾಲವನ್ನು ತೀರಿಸುವುದಿಲ್ಲ, ಔಷಧವೂ ಅಲ್ಲ. ಆದರೆ ಮಗುವಿನ ಒಳಗೆ ಏನಿದೆಯೆಂದು ಗುರುಗಳಿಗೆ ತಿಳಿಯಲು ಅದೊಂದು ಕಿಂಡಿ. ಹಾಗೆ ತಿಳಿದಾಗ ಆ ಮಗುವಿನ ಗುಟ್ಟನ್ನು ಕಾಯುವುದು, ಬೇಕಾದ ನೆರವನ್ನು ದೊರಕಿಸುವುದು ನಮ್ಮ ಧರ್ಮ. ಅದನ್ನು ವೇದಿಕೆಯ ಮೇಲೆ ಹಾಡಿಸುವುದು ಧರ್ಮವಲ್ಲ.

ಮೂರನೆಯದು ಸಮಾಜದ ಹಿತ. ನಮ್ಮ ತರಗತಿಗಳಲ್ಲಿ ಮನೆಯಲ್ಲಿ ಉರ್ದು ಮಾತಾಡುವ ಮಕ್ಕಳಿದ್ದಾರೆ, ಲಂಬಾಣಿ ಮಾತಾಡುವವರಿದ್ದಾರೆ, ಬಗೆಬಗೆಯ ಕಾಯಕದ ಮನೆಗಳಿಂದ ಬಂದವರಿದ್ದಾರೆ. ಪರೀಕ್ಷೆಯಲ್ಲಿ ಒಬ್ಬರು ಇನ್ನೊಬ್ಬರ ಹಾಳೆಯನ್ನು ನೋಡುವುದು ಅಪರಾಧ. ಪದ ಕಟ್ಟುವಾಗ ಒಬ್ಬರ ಅರ್ಧಸಾಲನ್ನು ಇನ್ನೊಬ್ಬರು ಪೂರ್ತಿಮಾಡುವುದೇ ಪದ್ಧತಿ. ಪಲ್ಲವಿಯನ್ನು ಎಲ್ಲರೂ ಹಾಡಬೇಕು, ನುಡಿಯನ್ನು ಒಬ್ಬೊಬ್ಬರೂ ಕೊಡಬೇಕು. ಗೋವಿಂದಭಟ್ಟರೂ ಶರೀಫರೂ ಗುರುಶಿಷ್ಯರಾದ ಈ ನೆಲದಲ್ಲಿ ಸೌಹಾರ್ದವನ್ನು ಭಾಷಣದಿಂದ ಕಲಿಸುವ ಅಗತ್ಯವಿಲ್ಲ. ಒಟ್ಟಿಗೆ ಒಂದು ಪದ ಕಟ್ಟಿಸಿದರೆ ಸಾಕು.

ನಾಲ್ಕನೆಯದು ಊರಿನ ಹಿತ. ಸವಣೂರಿನ ಮಠದ ಆವರಣದ ದೊಡ್ಡಹುಣಸೆ ಮರಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ನೆಲಕ್ಕುರುಳಿದಾಗ ಅದನ್ನು ಮತ್ತೆ ಎತ್ತಿ ನೆಟ್ಟರು. ಅಷ್ಟು ಹಳೆಯ ಮರ ಬಿದ್ದು ಎದ್ದ ಕಥೆಯನ್ನು ಅದರ ನೆರಳಿನಲ್ಲಿ ಆಡಿದ ಮಕ್ಕಳಲ್ಲದೆ ಇನ್ನಾರು ಹಾಡಬೇಕು? ಹಾನಗಲ್ಲಿನ ಕೆರೆ, ಬಂಕಾಪುರದ ಕೋಟೆಯ ನವಿಲು, ಸವಣೂರಿನ ವೀಳ್ಯದೆಲೆಯ ತೋಟ, ಹಿರೇಕೆರೂರಿನ ಹತ್ತಿಯ ಹೊಲ ಇವು ಯಾವ ರಾಜ್ಯಮಟ್ಟದ ಪಠ್ಯಪುಸ್ತಕದಲ್ಲಿಯೂ ಮಕ್ಕಳು ಕಂಡಂತೆ ಬರಲಾರವು. ಅವುಗಳ ಮೇಲೆ ಪದ ಕಟ್ಟಿದ ಮಗು ನಾಳೆ ಎಲ್ಲಿಗೆ ದುಡಿಯಲು ಹೋದರೂ ತನ್ನ ಊರನ್ನು ಬಾಯಲ್ಲಿಟ್ಟುಕೊಂಡೇ ಹೋಗುತ್ತದೆ.

ಕೆಲವು ಆಕ್ಷೇಪಗಳು

ಪರೀಕ್ಷೆಯ ಭಾರದ ನಡುವೆ ಇದಕ್ಕೆ ಸಮಯವೆಲ್ಲಿ ಎಂದು ಶಿಕ್ಷಕ ಬಂಧುಗಳು ಕೇಳುತ್ತಾರೆ. ಅವರ ಕಷ್ಟ ನಿಜವಾದದ್ದು. ಎಸ್ಸೆಸ್ಸೆಲ್ಸಿ ಫಲಿತಾಂಶದ ಲೆಕ್ಕವನ್ನು ಅವರ ತಲೆಯ ಮೇಲಿಟ್ಟವರು ನಾವೇ. ಆದ್ದರಿಂದ ಇದನ್ನು ಇನ್ನೊಂದು ವಿಷಯವಾಗಿ ಹೇರಬಾರದು. ನಾಲ್ಕರಿಂದ ಎಂಟನೆಯ ತರಗತಿಯವರೆಗೆ ಕನ್ನಡದ ಅವಧಿಯಲ್ಲಿಯೇ ಹದಿನೈದು ದಿನಕ್ಕೊಮ್ಮೆ ಒಂದು ತಾಸು ಸಾಕು.

ಮಕ್ಕಳು ಆಡುಮಾತಿನಲ್ಲಿ ಬರೆದರೆ ಶಿಷ್ಟ ಕನ್ನಡ ಕೆಡುವುದಿಲ್ಲವೇ ಎಂಬುದು ಇನ್ನೊಂದು ಅಂಜಿಕೆ. ಕನ್ನಡ ಸಾಹಿತ್ಯವನ್ನು ಓದಿದ ನನಗೂ ಈ ಅಂಜಿಕೆ ಇತ್ತು. ಆದರೆ ಶಿಷ್ಟ ಭಾಷೆ ಕೆಡುವುದು ಆಡುಮಾತಿನಿಂದಲ್ಲ, ಅರ್ಥವಾಗದ ಮಾತನ್ನು ನಕಲು ಮಾಡುವುದರಿಂದ. ಹಾಡಿನಲ್ಲಿ ಆಡುಮಾತು, ಪ್ರಬಂಧದಲ್ಲಿ ಗ್ರಂಥಭಾಷೆ ಎಂಬ ವಿವೇಕವನ್ನು ಮಕ್ಕಳು ಬೇಗ ಕಲಿಯುತ್ತಾರೆ. ಕಲಿಸಬೇಕಾದವರು ಎರಡನ್ನೂ ಗೌರವಿಸಬೇಕು, ಅಷ್ಟೇ.

ಮೂರನೆಯ ಆಕ್ಷೇಪ ಇತ್ತೀಚಿನದು. ಕೃತಕ ಬುದ್ಧಿಮತ್ತೆಯ ಯಂತ್ರಕ್ಕೆ ಹೇಳಿದರೆ ಅರೆಗಳಿಗೆಯಲ್ಲಿ ಸಾಹಿತ್ಯ, ರಾಗ, ವಾದ್ಯ, ಗಾಯನ ಎಲ್ಲವೂ ಕೂಡಿದ ಹಾಡು ಸಿದ್ಧವಾಗುತ್ತದೆ, ಇನ್ನು ಮಕ್ಕಳೇಕೆ ತಿಣುಕಬೇಕು ಎಂದು ಒಬ್ಬ ತರುಣ ಭಕ್ತರು ನನ್ನನ್ನು ಕೇಳಿದರು. ಹಾಡು ಎಂಬ ವಸ್ತು ಬೇಕಾಗಿದ್ದರೆ ಅವರ ಮಾತು ಸರಿ. ನಮಗೆ ಬೇಕಾದುದು ಹಾಡು ಕಟ್ಟಬಲ್ಲ ಮಗು. ಯಂತ್ರದಿಂದ ರೊಟ್ಟಿ ತಯಾರಾಗುತ್ತದೆ ಎಂದ ಮಾತ್ರಕ್ಕೆ ಮಗುವಿನ ಹಸಿವನ್ನು ಯಂತ್ರ ಉಣ್ಣಲಾರದು. ಶರಣರು ಕಾಯಕಕ್ಕೆ ಕೊಟ್ಟ ಅರ್ಥವೇ ಇದು. ಕಾಯಕದ ಫಲ ವಸ್ತುವಿನಲ್ಲಿ ಮಾತ್ರವಿಲ್ಲ, ಮಾಡುವವನ ಒಳಗೂ ಇದೆ.

ಮಠಗಳ ಹೊಣೆ

ಈ ಕೆಲಸದಲ್ಲಿ ಸರ್ಕಾರದ ಸುತ್ತೋಲೆಗಾಗಿ ಕಾಯುತ್ತ ಕೂರಬೇಕಾಗಿಲ್ಲ. ಪೂಜ್ಯರ ಅಪ್ಪಣೆ ಪಡೆದು ನಾಲ್ಕು ಸಂಗತಿಗಳನ್ನು ಸದ್ಭಕ್ತರ ಹಾಗೂ ನೆರೆಯ ಮಠಗಳ ವಿಚಾರಕ್ಕೆ ಬಿಡುತ್ತಿದ್ದೇನೆ.

ಒಂದನೆಯದಾಗಿ, ವಚನ ಕಂಠಪಾಠ ಸ್ಪರ್ಧೆ ನಡೆಯಲಿ. ಕಂಠಪಾಠದ ವಿರೋಧ ನನ್ನದಲ್ಲ. ಕಿವಿಯಲ್ಲಿ ಹಳೆಯ ನುಡಿ ತುಂಬದೆ ಬಾಯಲ್ಲಿ ಹೊಸ ನುಡಿ ಹುಟ್ಟುವುದಿಲ್ಲ. ಆದರೆ ಅದರ ಮರುದಿನ, ಬಹುಮಾನವಿಲ್ಲದ, ತೀರ್ಪುಗಾರರಿಲ್ಲದ ಒಂದು ಪದಕಟ್ಟಿನ ದಿನವೂ ಇರಲಿ. ಬಹುಮಾನ ಇಟ್ಟೆವೆಂದರೆ ಮನೆಯಲ್ಲಿ ಹಿರಿಯರು ಬರೆದುಕೊಟ್ಟದ್ದನ್ನೇ ಮಕ್ಕಳು ತರುತ್ತಾರೆ.

ಎರಡನೆಯದಾಗಿ, ಊರಿನ ಭಜನಾ ಮೇಳದವರನ್ನು, ಸೋಬಾನೆ ಹಾಡುವ ತಾಯಂದಿರನ್ನು, ಡೊಳ್ಳಿನ ಪದ, ಗೀಗೀ ಪದ ಬಲ್ಲವರನ್ನು ಗುರುಗಳೆಂದು ಕರೆತಂದು ಗೌರವಿಸಬೇಕು. ಅವರಲ್ಲಿ ಎಷ್ಟೋ ಜನ ಶಾಲೆಯ ಮೆಟ್ಟಿಲನ್ನೇ ಹತ್ತಿದವರಲ್ಲ. ತಮ್ಮ ಅಜ್ಜಿ ಪಾಠ ಹೇಳಲು ಶಾಲೆಗೆ ಬಂದಳೆಂಬುದನ್ನು ಕಂಡ ಮಗು ತನ್ನ ಮನೆತನದ ಬಗ್ಗೆ ತಲೆತಗ್ಗಿಸುವುದಿಲ್ಲ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದ ಅಧ್ಯಾಪಕರ, ವಿದ್ಯಾರ್ಥಿಗಳ ನೆರವನ್ನೂ ನಾವು ಕೇಳಬಹುದು. ಮನೆಯ ಬಾಗಿಲಲ್ಲೇ ಹೊಳೆ ಹರಿಯುತ್ತಿರುವಾಗ ಕೊಡ ಹಿಡಿದು ದೂರ ಹೋಗಬೇಕೇಕೆ?

ಮೂರನೆಯದಾಗಿ, ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಪ್ರಾರ್ಥನೆಯಾದ ಬಳಿಕ ಮಕ್ಕಳು ಕಟ್ಟಿದ ಒಂದು ಪದಕ್ಕೆ ಐದು ನಿಮಿಷ ಮೀಸಲಿಡಬೇಕು. ನಿಜಗುಣ ಶಿವಯೋಗಿಗಳ, ಸರ್ಪಭೂಷಣ ಶಿವಯೋಗಿಗಳ, ಬಾಲಲೀಲಾ ಮಹಾಂತ ಶಿವಯೋಗಿಗಳ ಪದಗಳು ಹಾಡಲ್ಪಡುವ ಸಭೆಯಲ್ಲಿ ಒಂದು ಮಗುವಿನ ಪದವೂ ಕೇಳಿಬಂದರೆ ಆ ಮಹಾತ್ಮರ ಗೌರವ ಕುಂದುವುದಿಲ್ಲ. ಅವರ ಪರಂಪರೆ ಬದುಕಿದೆಯೆಂಬುದು ತಿಳಿಯುತ್ತದೆ.

ನಾಲ್ಕನೆಯ ಮಾತನ್ನು ಸಂಕೋಚದಿಂದಲೇ ಹೇಳುತ್ತೇನೆ. ಮಠದ ಮೇಲೆ, ಪೂಜ್ಯರ ಮೇಲೆ, ದಾನಿಗಳ ಮೇಲೆ ಪದ ಕಟ್ಟಿರೆಂದು ಮಕ್ಕಳಿಗೆ ನಾವು ಹೇಳಬಾರದು. ಕಾರ್ಯಕ್ರಮದ ಸೊಬಗಿಗಾಗಿ ಸ್ವಾಗತಗೀತೆ ಬರೆಯಿಸಬಾರದು. ಮಗುವಿಗೆ ಮಳೆಯ ಮೇಲೆ ಹಾಡಬೇಕೆನಿಸಿದರೆ ಮಳೆಯ ಮೇಲೆ ಹಾಡಲಿ. ಊರಿಗೆ ಬಸ್ಸು ಬರುವುದಿಲ್ಲವೆಂದು ಹಾಡಬೇಕೆನಿಸಿದರೆ ಅದನ್ನೂ ಹಾಡಲಿ. ಪ್ರಸಾದದ ಸಾರಿನಲ್ಲಿ ಉಪ್ಪು ಹೆಚ್ಚಾಯಿತೆಂದು ಹಾಡಿದರೆ ನಾವು ನಕ್ಕು, ಉಪ್ಪನ್ನು ಕಡಿಮೆ ಮಾಡೋಣ. ಬಿಜ್ಜಳನ ಆಸ್ಥಾನದಲ್ಲಿದ್ದೂ ನಿಷ್ಠುರವಾಗಿ ನುಡಿದವರ ಮಕ್ಕಳು ನಾವು. ಹೊಗಳಿಕೆಯನ್ನು ಮಾತ್ರ ಕಲಿಸಿದರೆ ನಾವು ವಚನ ಪರಂಪರೆಯನ್ನು ಉಳಿಸಿದಂತಾಗದು.

ಕಂಠಪಾಠದ ವೇದಿಕೆಯಲ್ಲಿ ನನಗೆ ಉತ್ತರ ಕೊಟ್ಟ ಆ ಬಾಲಕಿ ಈಗ ಪ್ರೌಢಶಾಲೆಯಲ್ಲಿದ್ದಾಳೆ. ಕಳೆದ ಶ್ರಾವಣದಲ್ಲಿ ತಾಯಿಯೊಂದಿಗೆ ಮಠಕ್ಕೆ ಬಂದಿದ್ದಳು. ಪ್ರಸಾದನಿಲಯದ ಮಕ್ಕಳು ಜೋಳದ ಪದವನ್ನು ಹಾಡುತ್ತಿದ್ದುದನ್ನು ಕೇಳಿ, "ಇದು ಯಾವ ಪುಸ್ತಕದಾಗ ಐತ್ರಿ ಸರ್?" ಎಂದಳು. ಯಾವ ಪುಸ್ತಕದಲ್ಲಿಯೂ ಇಲ್ಲ, ಅವರೇ ಕಟ್ಟಿದ್ದು ಎಂದೆ. ಅವಳು ಏನೂ ಹೇಳಲಿಲ್ಲ. ಹೊರಡುವಾಗ ಮಾತ್ರ ಹಿಂತಿರುಗಿ ಬಂದು, ತಾನೂ ಮುಂದಿನ ಭಾನುವಾರ ಬರಬಹುದೇ ಎಂದು ಕೇಳಿದಳು.

ಬರಲಿ. ನಾಲ್ಕು ತಾಲ್ಲೂಕುಗಳ ಎಲ್ಲ ಮಕ್ಕಳೂ ಬರಲಿ. ಅವರು ಬಂದಾಗ ಕಿವಿಗೊಟ್ಟು ಕೇಳುವ ಹಿರಿಯರು ಅಲ್ಲಿರುವಂತೆ ನೋಡಿಕೊಳ್ಳುವುದು ನಮ್ಮ ನಿಮ್ಮೆಲ್ಲರ ಕಾಯಕ.